ಮೂರು ಊರಿಗೆ ಒಂದೇ ಸೆಕೆಂಡು

ಉಸ್ತಾದರ ಎಡಗೈಯಲ್ಲಿ ಮೂರೇ ಬೆರಳಿದ್ದವು. ಬೆಸುಗೆ ಹಾಕುವಾಗ ತಂತಿಯನ್ನು ಹೆಬ್ಬೆರಳಿಗೂ ಅಂಗೈಗೂ ನಡುವೆ ಒತ್ತಿ ಹಿಡಿಯುತ್ತಿದ್ದರು. ಬಿಸಿ ತಾಗಿದರೂ ಕೈ ಅಲುಗುತ್ತಿರಲಿಲ್ಲ. ಉಳಿದೆರಡು ಹೋದದ್ದು ಮಹಾರಾಷ್ಟ್ರದ ಹಳ್ಳಿಯೊಂದರಲ್ಲಿ, ಭೂಕಂಪದ ಮರುದಿನ, ಅಕ್ಕನ ಮನೆಯ ಕಲ್ಲುಗಳನ್ನು ಎತ್ತಿಹಾಕುವಾಗ. ಅಕ್ಕ ಸಿಕ್ಕಾಗ ಜೀವ ಇರಲಿಲ್ಲ. ಅದನ್ನು ನನಗೆ ಹೇಳಿದ್ದು ಒಂದೇ ಸಲ.

"ವಾರದ ಹಿಂದಿಂದ ನೆಲ ಗುಡುಗುಡು ಅಂತಿತ್ತಂತ. ಖಣಿಯಾಗ ಮದ್ದಿಟ್ಟು ಕಲ್ಲು ಹೊಡಿತಾರ, ಅಂಜಬ್ಯಾಡ್ರಿ ಅಂತ ಯಾವನೋ ಹೇಳಿ ಹೋಗಿದ್ದನಂತ."

ಶಹಾಪುರದ ಅವರ ಅಂಗಡಿಯಲ್ಲೇ ನಾನು ಕಂಪ್ಯೂಟರ್ ರಿಪೇರಿ ಕಲಿತದ್ದು. "ಜಲ್ದಿ ಬ್ಯಾಡ, ಸರಿ ಬೇಕು" ಅನ್ನುವುದೊಂದೇ ಅವರ ಪಾಠ. ನಾನು ಸುರಪುರದಲ್ಲಿ ಸ್ವಂತ ಅಂಗಡಿ ತೆರೆದಾಗ ಅವರೇ ಬಂದು ನನ್ನ ಮನೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಕೂರಿಸಿದರು. ನೆಲದ ನಡುಕ ಹಿಡಿಯುವ ಪೆಟ್ಟಿಗೆ, ಅದಕ್ಕೊಂದು ಕಂಪ್ಯೂಟರು. ಅಂಥದೇ ಒಂದು ಅವರ ಮನೆಯಲ್ಲಿತ್ತು, ಇನ್ನೊಂದು ಯಾದಗಿರಿಯಲ್ಲಿ ಮಗಳ ಮನೆಯಲ್ಲಿ. ಮೂರರ ದಾಖಲೆಯೂ ಇಂಟರ್ನೆಟ್ಟಿನಲ್ಲಿ ಉಸ್ತಾದರ ಕಂಪ್ಯೂಟರಿಗೆ ಬಂದು ಸೇರುತ್ತಿತ್ತು. ಒಂದು ನಡುಕ ಮೂರು ಊರಿಗೂ ಎಷ್ಟೆಷ್ಟು ಹೊತ್ತಿಗೆ ಮುಟ್ಟಿತೆಂದು ತಿಳಿದರೆ ಅದು ಹುಟ್ಟಿದ ಜಾಗ ಸಿಗುತ್ತದೆ. ಅದಕ್ಕೆ ಮೂರೂ ಕಂಪ್ಯೂಟರುಗಳ ಗಡಿಯಾರ ಒಂದೇ ಆಗಿರಬೇಕು. ಹಾಗಾಗಿ ಮಾಳಿಗೆಯ ಮೇಲೆ ಜಿಪಿಎಸ್ ಆಂಟೆನಾ. ಉಪಗ್ರಹದ ಸಂಕೇತ ಹಿಡಿದು ಅದು ಸೆಕೆಂಡಿಗೊಂದು ಮಿಡಿತ, ಉಸ್ತಾದರ ಮಾತಿನಲ್ಲಿ 'ಪಲ್ಸ್', ಕಳಿಸುತ್ತಿತ್ತು; ಆ ಮಿಡಿತಕ್ಕೆ ಕಂಪ್ಯೂಟರು ತನ್ನ ಗಡಿಯಾರವನ್ನು ತಿದ್ದಿಕೊಳ್ಳುತ್ತಿತ್ತು.

"ಇಲ್ಲಿ ಮೂರು ಸೆಕೆಂಡ್ ತಪ್ಪಿದ್ರ ನಕಾಶೆದಾಗ ಒಂದು ಊರೇ ತಪ್ತದ. ತಿಳಿತಿಲ್ಲೋ?" ಎಂದಿದ್ದರು.

ಎರಡು ವರ್ಷದ ಹಿಂದೆ ವನದುರ್ಗದ ಆಚೆಯ ಒಂದು ಹಳ್ಳಿಯಲ್ಲಿ ನೆಲ ಗುಡುಗತೊಡಗಿತು. ಅಡುಗೆಮನೆಯ ಪಾತ್ರೆಗಳು ನಡುಗುತ್ತಿದ್ದವಂತೆ. ಊರವರು ಉಸ್ತಾದರ ಬಳಿಗೆ ಬಂದರು. "ಖಣಿದ್ದೇನ್ರಿ, ಭೂಮಿದ್ದೇನ್ರಿ? ನೀವು ಹೇಳಿದಂಗ ಮಾಡ್ತೀವಿ."

ಅದೇ ವಾರ ನಾನು ಮಾಳಿಗೆಯ ಮೇಲೆ ನೀರಿನ ಟಾಕಿ ಕೂರಿಸಲು ಆಂಟೆನಾದ ತಂತಿ ಕಿತ್ತಿದ್ದೆ. ಆಮೇಲೆ ಹಾಕಿದರಾಯಿತು ಅಂದುಕೊಂಡು ಮರೆತೆ. ಆರು ದಿನ. ನನ್ನ ಗಡಿಯಾರ ಮೆಲ್ಲಗೆ ಜಾರುತ್ತ ಹೋಯಿತು. ಉಸ್ತಾದರ ಲೆಕ್ಕದಲ್ಲಿ ನಡುಕ ಹುಟ್ಟುವ ಜಾಗ ಸರಿಯಾಗಿ ಆ ಹಳ್ಳಿಯ ಕೆಳಗೆ ಬಂದು ನಿಂತಿತು. ಅವರು ಓಡಿಹೋಗಿ, ಮನೆಯೊಳಗೆ ಯಾರೂ ಮಲಗಬೇಡಿ ಎಂದು ಹೇಳಿಬಂದರು.

ಹೊರಗೆ ಕಣದಲ್ಲಿ ಮಲಗಿದ್ದ ಒಬ್ಬ ಹೆಣ್ಣುಮಗಳಿಗೆ ಹಾವು ಕಚ್ಚಿತು. ಶಹಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಆಕೆ ತೀರಿಕೊಂಡಳು.

ಸುದ್ದಿ ಕೇಳಿದ ಕೂಡಲೇ ನಾನು ಮಾಳಿಗೆ ಹತ್ತಿ ತಂತಿ ಸಿಕ್ಕಿಸಿದೆ. ಮರುದಿನ ನೆಲ ಗುಡುಗಿದಾಗ ಲೆಕ್ಕ ನೇರವಾಗಿ ಕಲ್ಲಿನ ಖಣಿಯನ್ನೇ ತೋರಿಸಿತು. ಉಸ್ತಾದರ ಫೋನ್ ಬಂತು.

"ನಿನ್ನ ಕಡಿ ಪಲ್ಸ್ ನಿಂತಿತ್ತೇನು?"

"ಇಲ್ರಿ ಉಸ್ತಾದ್. ಬರಾಕತ್ತದ."

"ಆತು. ಗಾಡಿ ತೊಗೊಂಡು ಬಾ," ಎಂದರು.

ನಾನೇ ಅವರನ್ನು ಬೈಕಿನಲ್ಲಿ ಆ ಹಳ್ಳಿಗೆ ಕರೆದೊಯ್ದೆ. ಸತ್ತವಳ ಮನೆಯ ಮುಂದೆ ನಿಂತು ಅವರು, "ಅದು ಖಣಿದ್ದರಿ. ನನ್ನ ಲೆಕ್ಕ ತಪ್ಪಿತ್ತು. ತಪ್ಪು ನಂದು," ಎಂದರು. ಆಕೆಯ ಗಂಡ ದನಿ ಏರಿಸಲಿಲ್ಲ. "ನೀವು ಹೇಳಿದ್ರಂತ ಹೊರಗ ಮಲಗಿದ್ಲರಿ," ಎಂದನಷ್ಟೇ. ನಾನು ಬೈಕು ಹಿಡಿದುಕೊಂಡು ನಿಂತೇ ಇದ್ದೆ.

ಆಮೇಲೆ ಆ ಕಡೆಯ ಜನ ಉಸ್ತಾದರ ಅಂಗಡಿಗೆ ರಿಪೇರಿಗೆಂದು ಒಂದು ಫ್ಯಾನನ್ನೂ ತರಲಿಲ್ಲ. ಹೋದ ವರ್ಷ ಅವರು ಹಾಸಿಗೆ ಹಿಡಿದರು. ಪ್ರತಿ ಭಾನುವಾರ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. "ಏನರ ಹೇಳೋದದ ಏನು?" ಎಂದು ಕೇಳುತ್ತಿದ್ದರು. "ಏನಿಲ್ರಿ" ಅನ್ನುತ್ತಿದ್ದೆ. ಎರಡು ತಿಂಗಳು ಹೀಗೇ ನಡೆಯಿತು. ಒಂದು ಭಾನುವಾರ ಹೋದಾಗ ಅವರನ್ನು ಹೊರಗೆ ಮಲಗಿಸಿದ್ದರು.

ಮಣ್ಣು ಮಾಡಿ, ದಿನಗಳೆಲ್ಲ ಮುಗಿದ ಮೇಲೆ ಅವರ ಹೆಂಡತಿಯ ಮುಂದೆ ಕೂತು ಎಲ್ಲ ಹೇಳಿದೆ. ಆಕೆ ಆಶ್ಚರ್ಯಪಡಲಿಲ್ಲ.

"ಅವರಿಗಿ ಗೊತ್ತಿತ್ತಪ. ನಿನ್ನ ಪಲ್ಸ್ ಆರು ದಿನ ಇರಲಿಲ್ಲಂತ ಕಂಪ್ಯೂಟರಿನಾಗ ಬಂದಿತ್ತಂತ. ಆಕಿ ಸತ್ತ ಮ್ಯಾಲೆ ಅದನ್ನ ತೆಗೆದು ನೋಡೇ ನಿನಗ ಫೋನ್ ಮಾಡಿದ್ರು. ಅವನೇ ಬಂದು ಹೇಳ್ತಾನ ಅಂತಿದ್ರು."

ಆ ಹೆಣ್ಣುಮಗಳ ಗಂಡ ಸಂತೆಯ ದಿನ ಸುರಪುರಕ್ಕೆ ಬರುತ್ತಾನೆ. ನನ್ನ ಅಂಗಡಿಯ ಮುಂದೆಯೇ ಹಾಯುತ್ತಾನೆ. ಗುರುತು ಹಿಡಿದು, ಚೀಲ ಕೆಳಗಿಟ್ಟು, "ಶರಣ್ರಿ" ಎಂದು ಕೈ ಮುಗಿಯುತ್ತಾನೆ. ನಾನೂ ಮುಗಿಯುತ್ತೇನೆ. ಆ ತಂತಿಯ ವಿಷಯ ಹೇಳಲು ಇನ್ನೂ ಅವನನ್ನು ಒಳಗೆ ಕರೆದು ಕೂರಿಸಿಲ್ಲ.