ನಡುವಿನ ಬುರುಡೆಯ ಮಂಕು ಅಂಕಿ

ನಾನು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನೂಲಿನ ಲಡಿ ಸುತ್ತುತ್ತಿದ್ದೆ. ಅರವತ್ತರ ದಶಕದ ಕೊನೆಯಲ್ಲಿ ಹರಿಹರದ ಒಬ್ಬ ಇಂಜಿನಿಯರ್ ನನ್ನ ರಾಟೆಗೆ ಎಣಿಕೆ ಪೆಟ್ಟಿಗೆ ಕೂಡಿಸಿದ. ಸಾಲಾಗಿ ಮೂರು ಗಾಜಿನ ಬುರುಡೆ. ಒಳಗೆ ತಂತಿಯ ಅಂಕಿಗಳು ಕೆಂಡದಂತೆ ಉರಿದು, ರಾಟೆ ಎಷ್ಟು ಸುತ್ತು ತಿರುಗಿತೆಂದು ತೋರಿಸುತ್ತಿದ್ದವು. ಬಂದ ದಿನದಿಂದಲೂ ನಡುವಿನ ಬುರುಡೆಯಲ್ಲಿ ಸರಿಯಾದ ಅಂಕಿಯ ಹಿಂದೆ ಇನ್ನೊಂದು ಮಂಕಾಗಿ ಕಾಣುತ್ತಿತ್ತು. ಮೂರೋ ಎಂಟೋ ತಿಳಿಯದೆ ಲಡಿಗಳು ಗಿಡ್ಡವಾದವು. ಹೇಳಿದೆ. ಯಾರೂ, ನಮ್ಮ ಪಾಳಿಯ ಮೇಸ್ತ್ರಿಯೂ, ಕಿವಿಗೆ ಹಾಕಿಕೊಳ್ಳಲಿಲ್ಲ.

ಆಯುಧಪೂಜೆಗೆ ಎಲ್ಲ ಯಂತ್ರಗಳಂತೆ ಆ ಬುರುಡೆಗಳಿಗೂ ಮೂರು ಬೆರಳಲ್ಲಿ ವಿಭೂತಿ ಎಳೆದೆ. ದುಡಿಯುವ ಯಂತ್ರವನ್ನು ನಾವು ಬರಿ ಹಣೆಯಲ್ಲಿ ಬಿಡುವುದಿಲ್ಲ. ಮರುದಿನ, ಗಿಡ್ಡ ಲಡಿಗಳ ತಪ್ಪನ್ನು ನನ್ನ ತಲೆಗೆ ಕಟ್ಟಲು ಮೇಸ್ತ್ರಿಗೆ ನೆಪ ಸಿಕ್ಕಿತು.

"ಗಾಜು ಕೆಡಿಸಿದಾಕಿ ನೀನೇ. ನಾಳೆಯಿಂದ ಬರಬ್ಯಾಡ."

"ಪೂಜೆಗೂ ಮುಂಚೆ ಕೆಟ್ಟಿತ್ತಲ್ರಿ. ಆಗ ನಿಮ್ಮ ಕಣ್ಣು ಎಲ್ಲಿಟ್ಟಿದ್ರಿ?"

"ಓದಾಕ ಬರಲ್ಲ, ಬಾಯಿ ಮಾತ್ರ ಐತೆ."

ನನ್ನ ಆ ಕೂಲಿಯಿಂದಲೇ ಮನೆಯ ಒಲೆ ಹೊತ್ತುತ್ತಿತ್ತು. ಪೆಟ್ಟಿಗೆ ನೋಡಲು ಇಂಜಿನಿಯರ್‌ನನ್ನು ಕರೆಸಿದ್ದರು; ಅವನು ಬರುವ ತನಕ ರಾಟೆ ಬಿಟ್ಟು ಕದಲಲಿಲ್ಲ. ಮಧ್ಯಾಹ್ನ ಬಂದವನೂ ಬೂದಿಯನ್ನೇ ಬೈದ. ಸೆರಗು ಒದ್ದೆ ಮಾಡಿ ಮೂರೂ ಬುರುಡೆ ಒರೆಸಿದೆ. ಮಂಕು ಅಂಕಿ ಹೋಗಲಿಲ್ಲ. ಆಮೇಲೆ ರಾಟೆಯನ್ನು ಕೈಯಲ್ಲೇ ಒಂದೊಂದು ಸುತ್ತು ತಿರುಗಿಸಿದೆ. ಬಲಗಡೆ ನಾಲ್ಕು ಬಂದರೆ ನಡುವೆಯೂ ಮಂಕಾಗಿ ನಾಲ್ಕು. ಬಲಗಡೆ ಐದಾದರೆ ಅಲ್ಲಿಯೂ ಐದು.

"ಬೂದಿ ಕಲೆ ಎಣಿಕಿ ಮಾಡತೈತೇನ್ರಿ?" ಎಂದು ಕೇಳಿದೆ.

ಅವನು ಬಗ್ಗಿ ನೋಡಿದ. ಇನ್ನೊಂದು ಸುತ್ತು ತಿರುಗಿಸಲು ಹೇಳಿದ. ಆಮೇಲೆ ದನಿ ಇಳಿಯಿತು.

"ಮೂರೂ ಒಟ್ಟಿಗೆ ಉರಿಯಂಗಿಲ್ಲಮ್ಮ. ಒಂದಾದ ಮ್ಯಾಲೆ ಒಂದು, ಕಣ್ಣಿಗೆ ತಿಳಿಯದಷ್ಟು ಬೇಗ. ಬಲಗಡೆದು ಪೂರಾ ಆರೋದ್ರೊಳಗೆ ನಡುವಿಂದು ಹೊತ್ತತಾ ಐತೆ, ಅದಕ್ಕ ಅದರ ಅಂಕಿ ಇದರೊಳಗೂ ಮೂಡತೈತೆ. ಎರಡರ ಮಧ್ಯ ಒಂಚೂರು ಕತ್ತಲೆ ಬಿಡಬೇಕು."

ಪೆಟ್ಟಿಗೆ ಬಿಚ್ಚಿ, ಏನೋ ಕಿತ್ತು, ಏನೋ ಬೆಸೆದ. ಮಂಕು ಅಂಕಿ ಮಾಯವಾಯಿತು.

"ಆತು, ನಾಳೆ ಬಾ," ಎಂದ ಮೇಸ್ತ್ರಿ.

"ನಾಳೆ ಯಾಕ? ನನ್ನ ಪಾಳಿ ಇನ್ನೂ ಐತೆ. ಕೆಡಿಸಿದ್ದು ನಾನಲ್ಲ ಅಂತ ಇವರೆಲ್ಲರ ಮುಂದೆ ಹೇಳ್ರಿ."

ಹತ್ತು ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಮೇಸ್ತ್ರಿ ಇಂಜಿನಿಯರ್ ಮುಖ ನೋಡಿದ. ಇಂಜಿನಿಯರ್ ತನ್ನ ಚೀಲ ಕಟ್ಟಿಕೊಂಡ. ಇಬ್ಬರೂ ಬಾಗಿಲ ಕಡೆ ನಡೆದರು. ನಾನು ಕೂತು ನೂಲು ಹಚ್ಚಿದೆ.

ಈಗ ಇಬ್ಬರೂ ಸತ್ತಿದ್ದಾರೆ. ಸತ್ತವರನ್ನು ಬೈಯಬಾರದಂತೆ. ನಾನು ಬೈಯುತ್ತೇನೆ.