ಹನ್ನೆರಡು ಗೂಡು, ಎರಡು ತೋಟೆ

ಕೋವಿಯ ನಳಿಗೆಯೊಳಗಿಂದ ನೆಗಡಿಯ ಇನ್ಹೇಲರ್ ಹೊರಗೆ ಬಿದ್ದದ್ದನ್ನು ಯಾವತ್ತಾದರೂ ನೋಡಿದ್ದೀರಾ? ನಾನು ನೋಡಿದೆ. ಕಳೆದ ಮಂಗಳವಾರ ಬೆಳಿಗ್ಗೆ, ನಮ್ಮ ಚಿಕ್ಕಪ್ಪನ ಕಾಫಿ ಕಣದಲ್ಲಿ.

ಮೂಗಿಗೆ ಹಿಡಿದು ಎಳೆಯುತ್ತೇವಲ್ಲ, ಅದೇ ಬಿಳಿ ಕೊಳವೆ. ಅದು ಅಲ್ಲಿಗೆ ಹೋದದ್ದು ಯಾಕೆ ಅಂದರೆ, ಚಿಕ್ಕಪ್ಪನಿಗೆ ಊರವರ ಮಾತಿಗೆ ಅಂಜಿಕೆ ಜಾಸ್ತಿ.

ಬಿಡಿಸಿ ಹೇಳುತ್ತೇನೆ. ಚಿಕ್ಕಪ್ಪನದು ಯಸಳೂರು ಕಡೆ ಎಂಟು ಎಕರೆ ತೋಟ. ಬೆಳೆ ಕಾಯಲು ಲೈಸೆನ್ಸ್ ಇರುವ ಜೋಡಿ ನಳಿಗೆಯ ಕೋವಿ ಇದೆ. ಆನೆ ಬಂದರೆ ಗಾಳಿಯಲ್ಲಿ ಎರಡು ಗುಂಡು ಹಾರಿಸುತ್ತಾರೆ, ಆನೆ ಹೋಗುತ್ತದೆ. (ಕೆಲವೊಮ್ಮೆ ಹೋಗುವುದಿಲ್ಲ. ತಕರಾರು ಇರುವುದೇ ಅಲ್ಲಿ.) ಎರಡು ಗುಂಡು ಮುಗಿದ ಮೇಲೆ ಕೋವಿ ಮಡಚಿ, ಖಾಲಿ ತೋಟೆ ತೆಗೆದು, ಹೊಸದು ತುಂಬಬೇಕು. ಆ ಹೊಸ ತೋಟೆ ಎಲ್ಲಿರಬೇಕು? ಸೊಂಟದ ಬೆಲ್ಟಿನಲ್ಲಿ, ನೋಡದೆಯೂ ಕೈಗೆ ಸಿಗುವ ಹಾಗೆ. ಇದು ನನ್ನ ವಾದ. ಚಿಕ್ಕಪ್ಪನ ಪದ್ಧತಿ ಬೇರೆ. ಸ್ವೆಟರಿನ ಜೇಬಿನಲ್ಲಿ ಎರಡು ತೋಟೆ. ಜೊತೆಗೆ ಅಡಿಕೆ ಚೂರು, ಸ್ಟೋರಿನ ಬೀಗದ ಕೈ, ಇನ್ನೂ ಏನೇನೋ.

ಕಾಲೇಜಿನುದ್ದಕ್ಕೂ ಡಿಬೇಟ್ ಮಾಡಿದವಳು ನಾನು. ಸುಮ್ಮನಿರಲು ಆಗುತ್ತದೆಯೇ? ಸಕಲೇಶಪುರದಲ್ಲಿ ಜೀಪಿನ ಸೀಟ್ ಕವರ್ ಹೊಲಿಯುವ ಬಶೀರಣ್ಣನ ಹತ್ತಿರ ಹನ್ನೆರಡು ಗೂಡಿನ ಬೆಲ್ಟ್ ಹೊಲಿಸಿಬಿಟ್ಟೆ. ಅಳತೆಗೆ ತಂದಿದ್ದ ಖಾಲಿ ತೋಟೆಯನ್ನು ನಾನು ಬ್ಯಾಗಿನಿಂದ ತೆಗೆಯುವ ಮುಂಚೆಯೇ ಅವರು ಕೇಳಿದ್ದು, "ಅಷ್ಟೊಂದು ಲಿಪ್‌ಸ್ಟಿಕ್ ಕಟ್ಕೊಂಡು ಎಲ್ಲಿಗಮ್ಮ ಹೊರಟಿದ್ದು?"

ಚಿಕ್ಕಪ್ಪ ಒಮ್ಮೆ ಕಟ್ಟಿಕೊಂಡರು, ಕನ್ನಡಿ ನೋಡಿದರು, ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು.

"ಇದನ್ನ ಕಟ್ಕಂಡು ರೋಡಿಗಿಳಿದ್ರೆ ಶಿಕಾರಿಗೆ ಹೊಂಟವ್ನೆ ಅಂತಾರೆ ಕಣೇ."

"ಅಂದ್ಕೊಳ್ಳಲಿ ಚಿಕ್ಕಪ್ಪ."

"ನಿಂಗೇನು, ಪೇಪರಿಗೆ ಬರೆದು ಹೋಗ್ಬುಡ್ತೀಯ. ನಾನಿಲ್ಲಿ ಬಾಳ್ಬೇಕು. ಇನ್ನೊಂದು ಮಾತು ಕೇಳು ಮಾರಾಯ್ತಿ. ಕೋವೀಲೆರಡು ಜೇಬಲ್ಲೆರಡು, ನಾಕು ತೋಟೆ ಇರೋನು ನಾಕು ಹಾರಿಸಿ ಓಡ್ತಾನೆ. ಹನ್ನೆರಡು ಕಟ್ಕಂಡೋನು ನಿಂತ್ಕತಾನೆ. ನಿಂತೋನ್ನ ಆನೆ ಏನ್ ಮಾಡ್ತದೆ ಅಂತ ನಿಂಗೆ ಗೊತ್ತೈತಲ್ಲ?"

ಎದುರಾಳಿಯ ಪಾಯಿಂಟ್ ಚೆನ್ನಾಗಿದ್ದರೆ ತಲೆದೂಗಬೇಕು, ಆಮೇಲೆ ಪಕ್ಕಕ್ಕೆ ಸರಿಸಬೇಕು. ಡಿಬೇಟಿನ ಮೊದಲ ಪಾಠ ಅದು. ಹಾಗೇ ಮಾಡಿದೆ.

ಮಂಗಳವಾರ ಬೆಳಿಗ್ಗೆ ಕೆಲಸದ ಹೆಂಗಸರು ಹಣ್ಣು ಕೊಯ್ಯಲು ಬರುವ ದಾರಿಯಲ್ಲೇ ಒಂಟಿ ಸಲಗ ನಿಂತಿತ್ತು. ಚಿಕ್ಕಮ್ಮ ಅವರನ್ನು ಅವರ ಲೈನ್ ಮನೆಗಳ ಹತ್ತಿರವೇ ತಡೆದರು. ಚಿಕ್ಕಪ್ಪ ಕೋವಿ ತೆಗೆದುಕೊಂಡರು. ನಾನು ಹಿಂದೆ ಹೋದೆ.

ಎರಡು ಗುಂಡು ಹಾರಿತು. ಆನೆ ನಾಲ್ಕು ಹೆಜ್ಜೆ ಹೋಗಿ, ತಿರುಗಿ, ಕಿವಿ ಅಗಲಿಸಿ ನಿಂತಿತು. ಚಿಕ್ಕಪ್ಪ ಕೋವಿ ಮಡಚಿ, ಖಾಲಿ ತೋಟೆ ಕಿತ್ತು, ಆನೆಯ ಮೇಲಿನ ಕಣ್ಣು ತೆಗೆಯದೆ ಜೇಬಿಗೆ ಕೈ ಹಾಕಿ, ಸಿಕ್ಕಿದ್ದನ್ನು ಬಲ ನಳಿಗೆಗೆ ತುರುಕಿದರು. ಆಮೇಲೆ ಬಗ್ಗಿ ನೋಡಿದರೆ ನಳಿಗೆಯ ಬಾಯಿ ಖಾಲಿ. "ಕೆಳಗೆ ಬಿದ್ದೋಯ್ತು" ಅಂತ ಗೊಣಗಿ ಮತ್ತೆ ಜೇಬಿಗೆ ಕೈ ಹಾಕಿದರು. ಈ ಸಲ ಕೆಂಪು ತೋಟೆ ಬಂತು. ಅದೇ ನಳಿಗೆಗೆ ಸೇರಿಸಿ, ಕೋವಿ ಮುಚ್ಚಿ, ಮೇಲೆತ್ತಿದರು.

ನಿಜ ಹೇಳುತ್ತೇನೆ, ನಾನು ಆನೆಯನ್ನು ನೋಡುತ್ತಿರಲಿಲ್ಲ. ನನ್ನ ವಾದಕ್ಕೆ ಸಾಕ್ಷಿ ಸಿಕ್ಕೀತು ಅಂತ ಅವರ ಜೇಬನ್ನೇ ನೋಡುತ್ತಿದ್ದೆ.

"ಚಿಕ್ಕಪ್ಪ, ಹೊಡೀಬೇಡಿ. ಮೊದಲು ಹೋಗಿದ್ದು ಬಿಳೀದು. ಜಾರಿ ಒಳಗೇ ಕೂತೈತೆ."

ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡಿರುವಾಗ ಟ್ರಿಗರ್ ಎಳೆದರೆ ಕಬ್ಬಿಣವೇ ಸಿಡಿಯುತ್ತದೆ. ನಳಿಗೆ ಹಿಡಿದ ಎಡಗೈ ಹೋಗುತ್ತದೆ. ಅದೃಷ್ಟ ಕೆಟ್ಟಿದ್ದರೆ ಮುಖ. ಇದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಕೋವಿ ಬಿಚ್ಚಿದರು, ತೋಟೆ ತೆಗೆದರು, ಓಡಿದರು. ನಾನು ಅವರಿಗಿಂತ ಮುಂದೆ ಓಡಿದೆ. (ನೋಡುವವರು ಯಾರೂ ಇಲ್ಲದ ಮೇಲೆ ಆನೆಯೂ ಹಳ್ಳದ ಕಡೆ ಇಳಿಯಿತಂತೆ.)

ಕಣದಲ್ಲಿ ಕೂತು, ಕೋವಿ ಒರೆಸುವ ಸಲಾಕೆಯಿಂದ ತಳ್ಳಿದರೆ ಇನ್ಹೇಲರ್ ಬಿತ್ತು. ಚಿಕ್ಕಪ್ಪ ತಮ್ಮ ಎಡಗೈಯನ್ನೇ ನೋಡುತ್ತಾ ಕೂತರು. ಏನಾಯಿತೆಂದು ಇನ್ನೂ ತಿಳಿಯದ ಚಿಕ್ಕಮ್ಮ ಅದನ್ನೆತ್ತಿ ಸೆರಗಿಗೆ ಒರೆಸಿ, "ಸಿಕ್ತಲ್ಲ ಬುಡಿ. ಎರಡು ದಿನದಿಂದ ಮನೆಯೋರನ್ನೆಲ್ಲ ಹುಡುಕ್ಸಿದ್ರಿ" ಅಂದರು.

ನಗಬೇಡಿ. ನಿಮ್ಮ ಹೆಲ್ಮೆಟ್ ಎಲ್ಲಿದೆ? ಬೈಕಿನ ಕನ್ನಡಿಗೆ ನೇತಾಡುತ್ತಿದೆ. ನಿಮ್ಮ ಕಾರಿನ ಸ್ಟೆಪ್ನಿಯಲ್ಲಿ ಗಾಳಿ ಇದೆಯೇ? ಬಸ್ಸಿನ ಫಸ್ಟ್ ಏಡ್ ಡಬ್ಬದಲ್ಲಿ ಊದುಬತ್ತಿ ಬಿಟ್ಟು ಬೇರೇನಾದರೂ ನೋಡಿದ್ದೀರಾ? ತಯಾರಿಗೆ ಬೇಕಾದ್ದೆಲ್ಲ ನಮ್ಮ ಹತ್ತಿರ ಇರುತ್ತದೆ. ಅದು ಹೊರಗೆ ಕಾಣಬಾರದು, ಅಷ್ಟೇ. ಕಂಡರೆ ಒಬ್ಬ ಶೋಕಿ ಅಂತಾನೆ, ಇನ್ನೊಬ್ಬ ಪುಕ್ಕಲ ಅಂತಾನೆ. ಆ ಇಬ್ಬರಿಗೆ ಹೆದರಿ ನಾವು ಆನೆಯ ಎದುರು ಜೇಬು ತಡಕಾಡುತ್ತೇವೆ.

ಗುರುವಾರ ಹೋದಾಗ ಬಾಗಿಲ ಹಿಂದಿನ ಮೊಳೆ ಖಾಲಿ ಇತ್ತು. ಬೆಲ್ಟ್ ಚಿಕ್ಕಪ್ಪನ ಸೊಂಟದಲ್ಲಿತ್ತು, ಸ್ವೆಟರಿನ ಮೇಲೇ, ಊರಿಗೆಲ್ಲ ಕಾಣುವ ಹಾಗೆ. ಗೆದ್ದೆ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಹನ್ನೆರಡು ಗೂಡಿನಲ್ಲಿ ಎರಡೇ ಎರಡು ಕೆಂಪು ತೋಟೆ.

"ಉಳಿದ ಹತ್ತು ಗೂಡು ಯಾಕೆ ಖಾಲಿ?"

"ಅವು ಓಡಕ್ಕೆ ಕಣೇ."

ತೀರ್ಪುಗಾರರೇ, ಬೆಲ್ಟ್ ಕಟ್ಟಿಸಿದವಳು ನಾನು. ಈಗ ಹೇಳಿ, ಕಪ್ ಯಾರಿಗೆ?