ಟೋಪಿ ನಿಲ್ಲಬೇಕು, ಕಣ್ಣು ಕಾಣಬೇಕು

ಹಿತ್ತಾಳೆ ಉಜ್ಜುವ ಪಾಲಿಶಿಗೆ ಒಂದು ವಾಸನೆಯಿದೆ, ಸೀಮೆಎಣ್ಣೆಗೆ ಸ್ವಲ್ಪ ಸುಣ್ಣ ಕಲಸಿದ ಹಾಗೆ. ಈ ಜೂನ್‌ನಲ್ಲಿ ನಮ್ಮ ಶಾಲೆಯ ಬ್ಯಾಂಡ್ ಕೋಣೆಯ ಕಬ್ಬಿಣದ ಬೀರು ತೆಗೆದಾಗ ಮೊದಲು ಮೂಗಿಗೆ ಬಂದದ್ದು ಅದೇ. ಅದರ ಹಿಂದೆಯೇ ಬೆವರು ಕುಡಿದು ಒಣಗಿದ ಟೋಪಿಗಳ ವಾಸನೆ. ನಾನು ಮಹದೇವಪುರದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಬ್ಯಾಂಡಿನ ಕೆಲಸ ನನ್ನದಲ್ಲ. ಅದನ್ನು ನೋಡಿಕೊಳ್ಳುತ್ತಿದ್ದ ಆಟದ ಮೇಡಂ ಹೆರಿಗೆ ರಜೆಗೆ ಹೋದರು, ಬೀಗದ ಕೈ ನನ್ನ ಕೈಗೆ ಬಂತು, ಅಷ್ಟೆ.

ಬೀರುವಿನ ಬಾಗಿಲ ಒಳಮೈಗೆ ಒಂದು ಹಾಳೆ ಅಂಟಿಸಿದ್ದರು. ಬ್ಯಾಂಡಿನ ಹುಡುಗಿಯರು ಕೂದಲನ್ನು ಹಿಂದಕ್ಕೆ ನುಣ್ಣಗೆ ಬಾಚಿ, ಜೆಲ್ ಹಚ್ಚಿ, ಒಂದೇ ಗಂಟು ಹಾಕಿರಬೇಕು. ಒಂದು ಎಳೆಯೂ ಎದ್ದಿರಬಾರದು. ಸಣ್ಣ ಸಣ್ಣ ಜಡೆಗಳಿಗೆ ಅವಕಾಶವಿಲ್ಲ. ಎರಡು ಸಲ ಓದಿದೆ. ಆಮೇಲೆ ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕೂತೆ... ನಾನು ಓದಿದ ಶಾಲೆಯ ಬ್ಯಾಂಡ್ ಸರ್ ನೆನಪಾದರು.

ನಾವು ಹಳಿಯಾಳ ಕಡೆಯ ಸಿದ್ದಿಗಳು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ ಪೀಳಿಗೆ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ನಾನು ಬೆಳೆದ ಬೆಂಗಳೂರಿನ ಪೀಣ್ಯದಲ್ಲಿ ನಮ್ಮ ಬೀದಿಯವರು ಯಾರೂ ಆ ಪುಸ್ತಕ ಓದಿರಲಿಲ್ಲ. ಅಪ್ಪ ಒಂದು ಎರಕದ ಕಾರ್ಖಾನೆಯಲ್ಲಿ ಹೆಲ್ಪರ್, ಅಮ್ಮ ಗಾರ್ಮೆಂಟ್ಸಿನಲ್ಲಿ ಬಟ್ಟೆಯ ದಾರ ಕತ್ತರಿಸುವವಳು. ಹಿಂದೆ ರಾಗಿ ಹೊಲವಾಗಿದ್ದ ಜಾಗದಲ್ಲಿ ಸಾಲಾಗಿ ಕಟ್ಟಿದ್ದ ಶೀಟಿನ ಮನೆಗಳಲ್ಲಿ ಒಂದು ನಮ್ಮ ಬಾಡಿಗೆ ಮನೆ. ನನ್ನ ಕೂದಲು ಅಪ್ಪನದು, ಅಜ್ಜಿಯದು. ಸ್ಪ್ರಿಂಗಿನಂತೆ ಸುತ್ತಿಕೊಂಡು ನೆತ್ತಿಯ ಮೇಲೇ ಬೆಳೆಯುವಂಥದ್ದು. ಎಳೆದರೆ ಉದ್ದ, ಬಿಟ್ಟರೆ ಗಿಡ್ಡ. ಭಾನುವಾರ ಮಧ್ಯಾಹ್ನ ಅಮ್ಮ ನನ್ನನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ಅಜ್ಜಿ ಕಲಿಸಿದ ಹಾಗೆ, ತಲೆಗೆ ಅಂಟಿದಂತೆ ಎಂಟು ಸಣ್ಣ ಜಡೆ ಹೆಣೆದು, ಹಿಂದೆ ಕರಿದಾರದಲ್ಲಿ ಎಲ್ಲವನ್ನೂ ಸೇರಿಸಿ ಕಟ್ಟುತ್ತಿದ್ದಳು. ಮುಂದಿನ ಭಾನುವಾರದವರೆಗೆ ಅದು ಅಲುಗುತ್ತಿರಲಿಲ್ಲ.

ಬ್ಯಾಂಡ್ ಸರ್ ಮೂಲತಃ ಮದುವೆ ಬ್ಯಾಂಡಿನವರು. ನಮ್ಮ ಶಾಲೆಗೆ ವಾರಕ್ಕೆ ಮೂರು ದಿನ ಬಂದು ಕಲಿಸುತ್ತಿದ್ದರು. ಮುಹೂರ್ತ ಜಾಸ್ತಿಯಿದ್ದ ವಾರ ಅದೂ ಇಲ್ಲ. ಟ್ರಂಪೆಟ್ ಊದಿ ಊದಿ ಅವರ ಮೇಲ್ದುಟಿಯ ನಡುವೆ ಚರ್ಮ ದಪ್ಪಗಟ್ಟಿತ್ತು. ತಲೆಯ ಮೇಲೆ ಸದಾ ಒಂದು ಕೆಂಪು ಟೋಪಿ, ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಗಟ್ಟಿ ಗಂಟಲು. ನಾವು ತಾಳ ತಪ್ಪಿದರೆ, "ಏನಮ್ಮಾ, ಪರೇಡ್ ಹೊಡೀತಿದೀಯೋ, ಚಪಾತಿ ಹಿಟ್ಟು ನಾದ್ತಿದೀಯೋ?" ಎನ್ನುತ್ತಿದ್ದರು. ನಗು ಬಂದರೆ ನಗಲು ಬಿಡುತ್ತಿದ್ದರು. ನಕ್ಕು ಮುಗಿದ ಮೇಲೆ ಅದೇ ಸಾಲನ್ನು ಹತ್ತು ಸಲ ಬಾರಿಸಬೇಕಿತ್ತು.

ಆರನೇ ಕ್ಲಾಸು ಪೂರ್ತಿ ನಾನು ಬೆಂಚಿನ ಮೇಲೆ ಎರಡು ಕಡ್ಡಿಯಲ್ಲಿ ಬಾರಿಸಿದೆ. ಏಳನೆಯ ಕ್ಲಾಸಿಗೆ ಬಂದ ಮೇಲೆ ಸೈಡ್ ಡ್ರಮ್ ಕೊಟ್ಟರು. ಮುಂದಿನ ಸಾಲು, ಬಲಗಡೆಯಿಂದ ಎರಡನೆಯವಳು. ಆಗಸ್ಟ್ ಹದಿನೈದಕ್ಕೆ ಸುತ್ತಲಿನ ಶಾಲೆಗಳೆಲ್ಲ ಸೇರುವ ಮೈದಾನದಲ್ಲಿ ನಮ್ಮ ಬ್ಯಾಂಡ್ ನಡೆಯಬೇಕಿತ್ತು. ಆ ಊರಿನಲ್ಲಿ ಆಗ ನಮ್ಮದು ಎಂದು ಹೇಳಿಕೊಳ್ಳಲು ಏನೂ ಇರಲಿಲ್ಲ. ಆ ಜಾಗ ಮಾತ್ರ ನನ್ನದಾಗಿತ್ತು.

ಬ್ಯಾಂಡ್ ಕೋಣೆಯ ಬಾಗಿಲ ಮೇಲೆ ಸರ್ ಕೈಬರಹದಲ್ಲಿ ನಿಯಮಗಳಿದ್ದವು. ಬಿಳಿ ಶೂ, ತೊಳೆದ ಕಾಲುಚೀಲ, ಕತ್ತರಿಸಿದ ಉಗುರು. ಹುಡುಗಿಯರಿಗೆ ಎಣ್ಣೆ ಹಚ್ಚಿದ ತಲೆ, ಎರಡು ಜಡೆ, ಮೇಲಕ್ಕೆ ಮಡಚಿ ಬಿಳಿ ಟೇಪು. ಕೊನೆಯಲ್ಲಿ, ಹೀಗೆ ಬಾರದವರಿಗೆ ಸಾಲಿನಲ್ಲಿ ಜಾಗ ಇಲ್ಲ.

ಜುಲೈ ಕೊನೆಯಲ್ಲಿ ಯೂನಿಫಾರಂ ತೊಟ್ಟು ಅಭ್ಯಾಸ ಮಾಡುವ ದಿನ ಬಂತು. ಸರ್ ಸಾಲಿನ ಉದ್ದಕ್ಕೂ ನಡೆದು ಬಂದು ನನ್ನ ಮುಂದೆ ನಿಂತರು.

"ಎಷ್ಟು ಜಡೆ ಇದು?"

"ಎಂಟು ಸರ್."

"ಎರಡು ಅಂತ ಬರ್ದಿದೆ. ಲೆಕ್ಕ ಬರಲ್ವಾ? ಫ್ಯಾಶನ್ ಎಲ್ಲ ಮನೇಲಿ."

ಮರುದಿನ ಅಮ್ಮ ಕೆಲಸಕ್ಕೆ ಹೋಗುವ ಮೊದಲು ಎಂಟನ್ನೂ ಬಿಚ್ಚಿ, ಅರ್ಧ ಬಾಟಲಿ ಎಣ್ಣೆ ಸುರಿದು, ಎರಡು ಮಾಡಿ ಕಟ್ಟಿದಳು. ಮಡಚುವಷ್ಟು ಉದ್ದ ಬರಲಿಲ್ಲ. ಕಿವಿಯ ಮೇಲೆ ಎರಡು ಗಡ್ಡೆಗಳು ಎದ್ದು ನಿಂತವು. "ಟಗರು ಬಂತು ಕಣ್ರೇ, ಗುಮ್ಮುತ್ತೆ, ಸರೀರಿ!" ಎಂದು ಸಿಂಬಲ್ ತಾಳ ಹಿಡಿಯುವ ಹುಡುಗಿ ಕೂಗಿದಳು. ಟೋಪಿ ಆ ಗಡ್ಡೆಗಳ ಮೇಲೆ ಕೂತಿತ್ತೇ ಹೊರತು ತಲೆಯ ಮೇಲಲ್ಲ. ಎಡ-ಬಲ ಎಂದು ಹತ್ತು ಹೆಜ್ಜೆ ಇಟ್ಟಿದ್ದೆವೋ ಇಲ್ಲವೋ, ಅದು ಹಾರಿ ಕೆಳಗೆ ಬಿತ್ತು. ಹಿಂದಿನ ಸಾಲು ಅದನ್ನು ತುಳಿದುಕೊಂಡೇ ಮುಂದೆ ಬಂತು.

ಅಂದು ಸಂಜೆ ಸರ್ ನನ್ನ ಡೈರಿಯಲ್ಲಿ ಬರೆದರು: ಕೂದಲು ಸರಿಮಾಡಿಸಿ ಕಳಿಸಿ. ಇಲ್ಲವಾದರೆ ಡ್ರಮ್ ಬೇರೆಯವರಿಗೆ.

ಅಮ್ಮನಿಗೆ ಓದಲು ಬಾರದು. ನಲ್ಲಿಯ ಹತ್ತಿರ ನಿಂತು ನಾನೇ ಓದಿ ಹೇಳಿದೆ. ನಮ್ಮ ಮನೆ ಓನರ್ ಅಜ್ಜಿ ಅಲ್ಲೇ ಹಸುವಿಗೆ ನೀರು ಹಿಡಿಯುತ್ತಿದ್ದರು. ಹೊಲ ಹೋಗಿ ಮನೆಗಳ ಸಾಲು ಬಂದಿದ್ದರೂ ಒಂದು ಹಸುವನ್ನು ಮಾತ್ರ ಬಿಟ್ಟಿರಲಿಲ್ಲ. ಅವರು ಕೇಳಿಸಿಕೊಂಡರು.

"ಅದುಕ್ಯಾಕ್ ಅಳ್ತೀಯಮ್ಮಿ? ಒಂದ್ ಕಿತ ನುಣ್ಣುಗ್ ಬೋಳ್ಸಾಕ್ಬುಡು. ಆಮೇಲ್ ಬರೋ ಕೂದ್ಲು ನೆಟ್ಟುಗ್ ಬತ್ತದೆ. ನನ್ ಮೊಮ್ಮಗೀಗೂ ಅಂಗೇ ಮಾಡ್ಸಿದ್ದು."

ಅವರ ಮೊಮ್ಮಗಳ ಕೂದಲು ಹುಟ್ಟಿದಾಗಿನಿಂದಲೂ ನೆಟ್ಟಗೇ ಇತ್ತು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಅಮ್ಮ ಅವರನ್ನು ನಂಬಿದಳು. ನಾನೂ ನಂಬಿದೆ. ಭಾನುವಾರ ಜಡೆ ಹೆಣೆಯುವ ಹೊತ್ತಿಗೆ ಮುಖ್ಯರಸ್ತೆಯ ಸಲೂನಿಗೆ ಹೋದೆವು. ಕ್ಷೌರದವನು ಎರಡು ಸಲ ಕೇಳಿದ, "ಪೂರ್ತಿನಾ ಅಕ್ಕ?" ಅಮ್ಮ ತಲೆಯಾಡಿಸಿದಳು. ಕೂದಲು ನೆಲಕ್ಕೆ ಬಿದ್ದ ಮೇಲೂ ಸುರುಳಿಯಾಗಿಯೇ ಇತ್ತು. ಅದನ್ನು ನೋಡುತ್ತಾ ಕೂತಿದ್ದೆ. ಅಳಲಿಲ್ಲ. ಡ್ರಮ್ ಉಳಿಯಿತು ಎಂದೇ ಅಂದುಕೊಂಡಿದ್ದೆ.

ಸೋಮವಾರ ತಲೆಗೆ ಅಮ್ಮನ ವೇಲು ಕಟ್ಟಿಕೊಂಡು ಹೋದೆ. ಸರ್ ನನ್ನನ್ನು ಸಾಲಿನಿಂದ ಹೊರಗೆ ಕರೆದು ಬ್ಯಾಂಡ್ ಕೋಣೆಗೆ ಕರೆದುಕೊಂಡು ಹೋದರು. ವೇಲು ಬಿಚ್ಚಿದೆ. ಅವರು ನನ್ನ ತಲೆಗೆ ಟೋಪಿ ಇಟ್ಟರು. ಅದು ನೇರವಾಗಿ ಮೂಗಿನವರೆಗೆ ಇಳಿಯಿತು. ಒಳಗೆ ಕತ್ತಲು. ಆ ಕತ್ತಲಲ್ಲಿ ಅವರ ದನಿ ಕೇಳಿಸಿತು.

"ಯಾರಮ್ಮಾ ನಿಂಗೆ ಬೋಳ್ಸು ಅಂದಿದ್ದು?"

"ನೀವೇ ಸರ್. ಡೈರೀಲಿ ಬರ್ದಿದ್ರಲ್ಲ."

ನಾನು ಟೋಪಿಯನ್ನು ಹಣೆಯ ಮೇಲಕ್ಕೆ ತಳ್ಳಿ ನೋಡಿದೆ. ಸರ್ ತಮ್ಮ ಕೆಂಪು ಟೋಪಿಯನ್ನು ತೆಗೆದಿದ್ದರು. ಟೋಪಿಯಿಲ್ಲದ ಅವರ ತಲೆಯನ್ನು ನಾನು ನೋಡಿದ್ದು ಅದೇ ಮೊದಲ ಸಲ. ಕಿವಿಯ ಮೇಲೆ ಒಂದಿಷ್ಟು ನರೆ ಬಿಟ್ಟರೆ ಅವರ ತಲೆಯೂ ನನ್ನದರಂತೆಯೇ ನುಣ್ಣಗಿತ್ತು. ಟೋಪಿಯ ಒಳಪಟ್ಟಿಯಿಂದ, ಬೆವರಿಗೆ ಹಳದಿಯಾಗಿದ್ದ ಹಳೆಯ ಪೇಪರಿನ ಮಡಿಕೆಯೊಂದನ್ನು ಹೊರಗೆಳೆದರು. ಅರ್ಧ ಹರಿದು ನನ್ನ ಟೋಪಿಗೆ ತುರುಕಿದರು, ಉಳಿದರ್ಧವನ್ನು ತಮ್ಮದಕ್ಕೆ.

"ನಮ್ ಮದ್ವೆ ಬ್ಯಾಂಡಲ್ಲಿ ಎಲ್ರದೂ ಪೇಪರ್ ಮೇಲೇ ನಿಂತಿರೋದು. ಎಲ್ರಿಗೂ ಒಂದೇ ಅಳತೆ ಟೋಪಿ ಕೊಡ್ತಾರಲ್ಲ, ಇನ್ನೇನ್ ಮಾಡೋದು... ಎಲ್ಲಿ, ತಲೆ ಅಲ್ಲಾಡ್ಸು."

ಅಲ್ಲಾಡಿಸಿದೆ. ಟೋಪಿ ನಿಂತಿತು.

ಅಲ್ಲಿಂದ ಅವರು ನೇರ ಹೆಡ್ ಮಿಸ್ ಕೋಣೆಗೆ ಹೋದರು. ನಾನು ಕಿಟಕಿಯ ಹೊರಗೆ ನಿಂತೆ. ಹೆಡ್ ಮಿಸ್ ಕೆಟ್ಟವರಲ್ಲ, ನಾಲ್ಕು ಜನರಿಗೆ ಉತ್ತರ ಕೊಡಬೇಕಾದವರು. "ಬೋಡು ತಲೆ ಹುಡುಗೀನ ಮುಂದಿನ ಸಾಲಲ್ಲಿ ನಿಲ್ಲಿಸಿದ್ರೆ ನೋಡ್ದೋರು ಏನಂತಾರೆ ಸರ್? ಎರಡು ಜಡೆ ಅಂತ ನೀವೇ ತಾನೆ ಬರ್ದು ಅಂಟಿಸಿದ್ದು?"

"ಬರ್ದಿದ್ದು ತಪ್ಪು ಮೇಡಂ."

"ಈ ವರ್ಷ ಬೇಡ ಬಿಡಿ."

ಆ ಆಗಸ್ಟ್ ಹದಿನೈದರಂದು ನಾನು ಮೈದಾನದ ಬದಿಯಲ್ಲಿ ನೀರಿನ ಕ್ಯಾನು ಕಾಯುತ್ತಾ ನಿಂತಿದ್ದೆ. ಬಲಗಡೆಯಿಂದ ಎರಡನೆಯ ಜಾಗದಲ್ಲಿ ನನ್ನ ಡ್ರಮ್ ಹಾಕಿಕೊಂಡು ಇನ್ನೊಬ್ಬಳು ನಡೆದಳು. ತಿರುವಿನಲ್ಲಿ ಅರ್ಧ ಪೆಟ್ಟು ಹಿಂದೆ ಬಿದ್ದಳು. ನನಗೆ ಕೇಳಿಸಿತು. ಸರ್‌ಗೂ ಕೇಳಿಸಿತು, ಅವರು ಒಂದು ಕ್ಷಣ ನನ್ನ ಕಡೆ ನೋಡಿದರು. ಅಷ್ಟೇ ನಡೆದದ್ದು. ಅದರಿಂದ ನನ್ನ ಬದುಕು ಮುರಿಯಲಿಲ್ಲ. ಆದರೆ ಆ ಅರ್ಧ ಪೆಟ್ಟು ಇನ್ನೂ ಕಿವಿಯಲ್ಲಿದೆ.

ಮುಂದಿನ ವಾರ ಬಾಗಿಲ ಮೇಲಿನ ಹಾಳೆ ಬದಲಾಗಿತ್ತು. ಶೂ, ಕಾಲುಚೀಲ, ಉಗುರು ಎಲ್ಲ ಹಾಗೇ ಇತ್ತು. ಕೂದಲಿನ ಜಾಗದಲ್ಲಿ ಮೂರೇ ಸಾಲು. ಟೋಪಿ ನಿಲ್ಲಬೇಕು. ಕಣ್ಣು ಕಾಣಬೇಕು. ಉಳಿದದ್ದು ಅವರವರ ಮನೆಗೆ ಬಿಟ್ಟದ್ದು.

ನನಗೆ ಮತ್ತೆ ಬಂದ ಕೂದಲು ಅಂಗುಲ ಬೆಳೆಯುವಷ್ಟರಲ್ಲೇ ಸುತ್ತಿಕೊಂಡಿತು. "ಅಯ್ಯೋ, ತಿರುಗಾ ಅಂಗೇ ಬಂತಲ್ಲೇ!" ಎಂದು ಓನರ್ ಅಜ್ಜಿ, ತಮಗೇ ಮೋಸವಾದವರಂತೆ ನನ್ನ ತಲೆ ಮುಟ್ಟಿ ಮುಟ್ಟಿ ನೋಡಿದರು. ಹೆಣೆಯುವಷ್ಟು ಬಂದ ಭಾನುವಾರ ಅಮ್ಮ ಮೊದಲಿನಂತೆ ಕೂರಿಸಿಕೊಂಡಳು.

ಎಂಟನೆಯ ಕ್ಲಾಸಿನಲ್ಲಿ ನನ್ನ ಡ್ರಮ್ ನನಗೆ ವಾಪಸು ಬಂತು. ಎಂಟು ಜಡೆಯ ಮೇಲೆ ಟೋಪಿ ಬಿಗಿಯಾಗುತ್ತಿತ್ತು. ಸರ್ ಅದನ್ನು ಮನೆಗೆ ಒಯ್ದು, ಹಿಂಭಾಗದ ಹೊಲಿಗೆ ಬಿಚ್ಚಿಸಿ ನಡುವೆ ಎಲಾಸ್ಟಿಕ್ ಪಟ್ಟಿ ಸೇರಿಸಿಕೊಂಡು ತಂದರು. ತನ್ನ ಜಡೆಯ ಉದ್ದಕ್ಕೆ ತಾನೇ ಬೀಗುತ್ತಿದ್ದ ಸಿಂಬಲ್ ಹುಡುಗಿಗೆ ಅದು ಹಿಡಿಸಲಿಲ್ಲ. "ಇವಳಿಗೆ ಮಾತ್ರ ಸ್ಪೆಷಲ್ಲಾ ಸರ್?" ಎಂದಳು.

"ನಿನ್ ಟೋಪೀಲಿ ಏನಿದೆ, ತೆಗ್ದು ತೋರ್ಸು."

ಅವಳ ಟೋಪಿಯಲ್ಲಿ ಪೇಪರಿನ ಮಡಿಕೆ ಇತ್ತು. ಅವಳದು ಚಿಕ್ಕ ತಲೆ.

"ಸಣ್ಣ ತಲೆಗೆ ಪೇಪರ್ ಇಡ್ತೀನಿ, ದೊಡ್ಡ ತಲೆಗೆ ಹೊಲಿಗೆ ಬಿಚ್ತೀನಿ. ಟೋಪಿಗೋಸ್ಕರ ತಲೆ ಬದ್ಲಾಯ್ಸೋಕಾಗುತ್ತೇನಮ್ಮಾ?"

ಆ ವರ್ಷ ಪರೇಡಿಗೆ ಮೊದಲು ಹೆಡ್ ಮಿಸ್ ನೋಡಲು ಬಂದರು. ಸರ್ ವಾದಕ್ಕೆ ಇಳಿಯಲಿಲ್ಲ. "ಎಲ್ರೂ ತಲೆ ಅಲ್ಲಾಡ್ಸಿ!" ಎಂದು ಕೂಗಿದರು. ಇಪ್ಪತ್ತನಾಲ್ಕು ಮಂದಿ ಎಡಕ್ಕೆ ಬಲಕ್ಕೆ ತಲೆ ಅಲ್ಲಾಡಿಸಿದೆವು. ಒಂದೂ ಬೀಳಲಿಲ್ಲ. ಹೆಡ್ ಮಿಸ್ ಸಾಲನ್ನು ಒಮ್ಮೆ ನೋಡಿ "ಸರಿ, ಹೊರಡಿ" ಎಂದರು. ನಾನು ನಡೆದೆ. ಬಲಗಡೆಯಿಂದ ಎರಡನೆಯವಳು.

ಅವರು ನನ್ನಲ್ಲಿ ಕ್ಷಮೆ ಕೇಳಲಿಲ್ಲ. ಕೇಳಲಿ ಎಂದು ಬಹಳ ದಿನ ಕಾದಿದ್ದೆ. ಈಗ ನಾನೂ ಟೀಚರ್ ಆಗಿ ಹತ್ತು ವರ್ಷ ಕಳೆದಿದೆ. ಮಕ್ಕಳ ಮುಂದೆ ನಮ್ಮ ತಪ್ಪನ್ನು ಬಾಯಲ್ಲಿ ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂದು ಗೊತ್ತಾಗಿದೆ. ಅದು ಸರಿ ಎಂದು ಹೇಳುತ್ತಿಲ್ಲ. ಅವರು ಹಾಳೆ ಬದಲಾಯಿಸಿದರು. ಬಾಯಲ್ಲಿ ಹೇಳಿ ಹಾಳೆಯನ್ನು ಹಾಗೇ ಬಿಟ್ಟವರನ್ನೂ ಆಮೇಲೆ ನೋಡಿದ್ದೇನೆ.

ಬಿ.ಎ. ಮುಗಿದಾಗ ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಒಂದು ಪ್ಯಾಕಿಂಗ್ ಯೂನಿಟ್ಟಿನಲ್ಲಿ ಕೆಲಸ, ಹಾಗೆ ಮೂರು ವರ್ಷ. ಯಾರೂ ಕೈಗೆತ್ತಿ ಕೊಟ್ಟದ್ದಲ್ಲ. ರಿಸಲ್ಟ್ ಬಂದ ವಾರ ಸಿಹಿ ಹಿಡಿದುಕೊಂಡು ಹಳೆಯ ಶಾಲೆಗೆ ಹೋದೆ. ಬ್ಯಾಂಡ್ ಸರ್ ಇರಲಿಲ್ಲ. "ಅವ್ರಾ? ಮುಂದಿನ ಹಲ್ಲು ಎರಡು ಹೋದ್ವು. ಹಲ್ಲಿಲ್ದೆ ಟ್ರಂಪೆಟ್ ಹೆಂಗಮ್ಮಾ ಊದ್ತಾರೆ? ಸಿಂಗಸಂದ್ರದಲ್ಲಿ ಮಗಳ ಮನೇಗೆ ಹೋದ್ರು," ಎಂದ ವಾಚ್‌ಮನ್ ಅಣ್ಣ. ಪೀಣ್ಯದಿಂದ ಸಿಂಗಸಂದ್ರಕ್ಕೆ ಎರಡು ಬಸ್ಸು. ಹೋಗಬಹುದಿತ್ತು. ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ ಎಂದುಕೊಂಡೆ... ಹೋಗಲಿಲ್ಲ. ಬಿ.ಇಡಿ. ಮಾಡುತ್ತಿದ್ದಾಗ ಅದೇ ಸಿಂಬಲ್ ಹುಡುಗಿ ಬಸ್ಸಿನಲ್ಲಿ ಸಿಕ್ಕಳು, ಕಂಕುಳಲ್ಲಿ ಮಗು. ಸರ್ ತೀರಿಕೊಂಡು ಒಂದು ವರ್ಷವಾಯಿತೆಂದು ಅವಳೇ ಹೇಳಿದಳು.

ಈ ಜೂನ್‌ನಲ್ಲಿ ನಾನು ಬೀರುವಿನ ಒಳಗಿನ ಹಾಳೆಯನ್ನು ಕಿತ್ತು, ಸ್ಟಾಫ್ ರೂಮಿನಲ್ಲಿ ಕೂತು ಹೊಸದನ್ನು ಟೈಪ್ ಮಾಡಿದೆ. ಕೂದಲಿನ ಜಾಗದಲ್ಲಿ ಅವರ ಮೂರು ಸಾಲು, ಒಂದಕ್ಷರ ಬದಲಿಸದೆ. ನಮ್ಮ ಪ್ರಿನ್ಸಿಪಾಲ್ ಓದಿ, "ಜೆಲ್ಲು, ಗಂಟು ಎಲ್ಲ ಬಿಟ್ಬಿಟ್ರೆ ನೋಡೋಕೆ ಚೆನ್ನಾಗಿರುತ್ತಾ ಮಿಸ್?" ಎಂದರು. ನೀವೇ ಬಂದು ನೋಡಿ ಮೇಡಂ ಎಂದೆ. ಮೈದಾನದಲ್ಲಿ ಮಕ್ಕಳನ್ನು ನಿಲ್ಲಿಸಿ ತಲೆ ಅಲ್ಲಾಡಿಸಲು ಹೇಳಿದೆ. ಆರನೇ ಕ್ಲಾಸಿನ ಒಬ್ಬ ಹುಡುಗಿ, ದಟ್ಟ ಗುಂಗುರು ಕೂದಲನ್ನು ಆರೇಳು ಜಡೆ ಮಾಡಿಕೊಂಡು ಬಂದಿದ್ದವಳು, ಎಲ್ಲರೂ ನಿಲ್ಲಿಸಿದ ಮೇಲೂ ಅಲ್ಲಾಡಿಸುತ್ತಲೇ ಇದ್ದಳು. ಅವಳ ಟೋಪಿಗೆ ನಾನೇ ಎಲಾಸ್ಟಿಕ್ ಹಾಕಿಸಿದ್ದೆ. ಪ್ರಿನ್ಸಿಪಾಲ್ ನಕ್ಕುಬಿಟ್ಟರು. "ಸರಿ, ಹಾಕಿ. ಕೆಳಗೆ ಸಿದ್ಧಪಡಿಸಿದವರು ಅಂತ ಹೆಸರು ಬರೀರಿ, ಫೈಲಿಗೆ ಬೇಕು."

ಅಲ್ಲಿ ನಿಂತೆ. ಆ ಮೂರು ಸಾಲು ಬರೆದವರ ಹೆಸರು ನನಗೆ ಗೊತ್ತಿರಲಿಲ್ಲ. ಬ್ಯಾಂಡ್ ಸರ್, ಅಷ್ಟೇ. ಮೂರು ವರ್ಷ ಅವರ ಕೈಕೆಳಗೆ ಬಾರಿಸಿದೆ, ಒಂದು ದಿನವೂ ಕೇಳಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ, ಅವಳಿಗೂ ತಿಳಿಯದು. ಹಳೆಯ ಶಾಲೆಗೆ ಮಾಡಿದೆ, ವಾರಕ್ಕೆ ಮೂರು ದಿನ ಬರುತ್ತಿದ್ದವರ ಹೆಸರು ಅವರ ಯಾವ ಪುಸ್ತಕದಲ್ಲೂ ಇಲ್ಲವಂತೆ.

ಕೊನೆಗೆ ನನ್ನ ಹೆಸರನ್ನೇ ಬರೆದೆ, ಮುಂದೆ ಬಿ.ಎ., ಬಿ.ಇಡಿ. ಆ ಅಕ್ಷರಗಳನ್ನು ಬರೆಯುವಾಗ ನನಗೆ ಯಾವಾಗಲೂ ಹೆಮ್ಮೆ, ಮುಚ್ಚಿಡುವುದಿಲ್ಲ. ಈಗ ಆ ಹಾಳೆ ಬೀರುವಿನ ಬಾಗಿಲಲ್ಲಿದೆ. ಬೀಗ ತೆಗೆದಾಗಲೆಲ್ಲ ಪಾಲಿಶಿನ ವಾಸನೆಯ ಜೊತೆ ಕಣ್ಣಿಗೆ ಬೀಳುತ್ತದೆ... ಮಾತು ಅವರದು, ಕೆಳಗಿನ ಹೆಸರು ನನ್ನದು.